ಜೋಡಿ ಕರಿ ಕಲ್ಲು

ನಮ್ಮ ಮನೆಯಲ್ಲಿ ಬಚ್ಚಲ ನೆಲಕ್ಕಾಗಿ ಆದಷ್ಟು ಜಗಳ ಮುಂದೆ ನನ್ನ ಮದುವೆಗೂ ಆಗಲಿಲ್ಲ. ಅಪ್ಪ ಅಹಮದಾಬಾದಿನ ಒಂದು ಕೇಂದ್ರ ಸರಕಾರಿ ಸಂಶೋಧನಾ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದರು. ನಾನು ಹುಟ್ಟಿ ಬೆಳೆದದ್ದೆಲ್ಲ ಆ ಸಂಸ್ಥೆಯ ಕ್ವಾರ್ಟರ್ಸಿನಲ್ಲಿ. ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಯಾರನ್ನೋ ಕೇಳಬೇಕು, ಇದೂ ಒಂದು ಮನೆಯೇ ಎಂದು ಅಮ್ಮ ಗೊಣಗುತ್ತಲೇ ಅಲ್ಲಿ ಸಂಸಾರ ಮಾಡಿದಳು. ತೊಂಬತ್ತರ ದಶಕದಲ್ಲಿ ಊರಂಚಿನ ಬೋಪಲ್ ಎಂಬ ಹಳ್ಳಿಯ ಕಡೆ, ಇನ್ನೂ ಎಮ್ಮೆಗಳು ರಸ್ತೆಗೆ ಅಡ್ಡ ಮಲಗುತ್ತಿದ್ದ ಜಾಗದಲ್ಲಿ, ಒಂದು ಹೌಸಿಂಗ್ ಸೊಸೈಟಿಯ ಸಾಲುಮನೆ ನಮ್ಮದಾಗುವ ಕಾಲ ಬಂತು. ಗೋಡೆ ಎದ್ದಿತ್ತು, ನೆಲ ಹಾಕಿಸುವುದು ಬಾಕಿ. ನಿನಗೇನು ಬೇಕು ಹೇಳು ಎಂದು ಅಪ್ಪ ಬಹಳ ಉದಾರವಾಗಿ ಅಮ್ಮನನ್ನು ಕೇಳಿದರು. ದೊಡ್ಡ ಅಡುಗೆಮನೆ ಕೇಳುತ್ತಾಳೆ, ಇಲ್ಲವೇ ಇಲ್ಲಿನವರ ಮನೆಗಳಲ್ಲಿರುವಂತೆ ಪಡಸಾಲೆಯಲ್ಲೊಂದು ತೂಗುಮಂಚ ಕೇಳುತ್ತಾಳೆ ಎಂದು ಅವರ ಎಣಿಕೆ. ಅಮ್ಮ ಕೇಳಿದ್ದು ಬಚ್ಚಲಿಗೆ ಒಂದು ಕಪ್ಪು, ಒಂದು ಬಿಳಿ, ಹೀಗೆ ಚದುರಂಗದ ಹಾಸಿನಂಥ ನೆಲ. ಅಪ್ಪ ನಕ್ಕರು. ಅಮ್ಮ ನಗದೇ ಇದ್ದದ್ದನ್ನು ಕಂಡು ನಗು ನಿಲ್ಲಿಸಿದರು.

ಆ ನೆಲ ಅಮ್ಮನಿಗಾಗಿ ಅಲ್ಲ, ಅವಳ ತಾಯಿಗಾಗಿ. ಗದಗದಲ್ಲಿ ಅಜ್ಜಿ ಬಾಳಿದ ಬಾಡಿಗೆ ಮನೆಯಲ್ಲಿ ಬಚ್ಚಲಿಂದ ದೇವರ ಗೂಡಿನ ತನಕ ಹಿಂದೆ ಯಾರೋ ಹತ್ತಿ ವ್ಯಾಪಾರಿ ಆಸೆಪಟ್ಟು ಕರಿ-ಬಿಳಿ ಸಿಮೆಂಟ್ ಟೈಲ್ಸ್ ಹಾಕಿಸಿದ್ದನಂತೆ. ಅಜ್ಜಿಯ ಬಾಯಲ್ಲಿ ಅವು ಟೈಲ್ಸ್ ಅಲ್ಲ, ಕಲ್ಲು. ವಯಸ್ಸಾಗುತ್ತ ಅಜ್ಜಿಯ ಕಣ್ಣು ಮಂಜಾಯಿತು. ನರ ಒಣಗಿವೆ, ಆಪರೇಶನ್ನಿನಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರರು ಕೈ ಚೆಲ್ಲಿದರು. ಮುಖಗಳು ಹೋದವು, ಅಕ್ಷರ ಹೋದವು. ಕರಿಯದರ ಪಕ್ಕದಲ್ಲಿ ಬಿಳಿಯದಿದ್ದರೆ ಅದೊಂದು ಕಾಣುತ್ತಿತ್ತು. ಅಜ್ಜಿಗೆ ಅಷ್ಟು ಸಾಕಾಗಿತ್ತು. ಅವರದು ಕಟ್ಟುನಿಟ್ಟಾದ ಮಡಿ. ಮಿಂದು ಒದ್ದೆ ಸೀರೆಯಲ್ಲಿ ಹೊರಬಂದರೆ ಪೂಜೆ ಮುಗಿಯುವ ತನಕ ಮೀಯದವರು ಯಾರೂ ಅವರನ್ನು ಮುಟ್ಟುವಂತಿಲ್ಲ. ಕಣ್ಣಿಲ್ಲದವರು, ಕೈ ಹಿಡಿಯುವವರಿಲ್ಲದೆ, ಬಚ್ಚಲಿಂದ ದೇವರ ಮುಂದಕ್ಕೆ ಹೋಗುವುದು ಹೇಗೆ? ಗದಗದ ಆ ಕಲ್ಲುಗಳ ಮೇಲೆ ಅಜ್ಜಿ ಆರಾಮಾಗಿ ಹೋಗುತ್ತಿದ್ದರು.

ಆಮೇಲೆ ಮಾಲೀಕರು ಮನೆ ಬಿಡಿಸಿಕೊಂಡರು. ಅಜ್ಜಿ ಹುಬ್ಬಳ್ಳಿಯಲ್ಲಿ ಗುರುಮಾಮನ, ಅಂದರೆ ಅಮ್ಮನ ಅಣ್ಣನ, ಫ್ಲ್ಯಾಟಿಗೆ ಬಂದರು. ಅಲ್ಲಿನ ನೆಲ ಸಾಸಿವೆ ಚೆಲ್ಲಿದಂಥ ಚುಕ್ಕಿ ಚುಕ್ಕಿ ಮೊಸಾಯಿಕ್. ಆ ಬೇಸಿಗೆ ರಜೆಯಲ್ಲಿ ನಾವು ಹೋದಾಗ ಒಂದು ಬೆಳಿಗ್ಗೆ ಅಜ್ಜಿ ಒದ್ದೆ ಸೀರೆಯಲ್ಲಿ ಗೋಡೆ ಸವರುತ್ತ ನಿಂತಿದ್ದರು. ದೇವರ ಗೂಡು ಎಡಕ್ಕಿತ್ತು, ಅವರು ಬಲಕ್ಕೆ, ಚಪ್ಪಲಿ ಬಿಡುವ ಜಾಗದತ್ತ ಹೊರಟಿದ್ದರು. ಗುರುಮಾಮನ ಹೆಂಡತಿ, ನಮ್ಮತ್ತೆ, ಓಡಿ ಬಂದು ರಟ್ಟೆ ಹಿಡಿದು ತಿರುಗಿಸಿದರು. ತಪ್ಪೇನೂ ಇಲ್ಲ, ಹಿಡಿಯದಿದ್ದರೆ ಬೀಳುತ್ತಿದ್ದರು. ಆದರೆ ಅಜ್ಜಿ ಮತ್ತೆ ಬಚ್ಚಲಿಗೆ ಹೋಗಿ ಇನ್ನೊಮ್ಮೆ ತಣ್ಣೀರು ಸುರಿದುಕೊಂಡರು. ದಿನಾ ಹೀಗೇ ಎಂದು ಅತ್ತೆ ಅಮ್ಮನ ಮುಂದೆ ಕಣ್ಣೊರೆಸಿಕೊಂಡರು. ಅವತ್ತು ಮಧ್ಯಾಹ್ನ ಅಮ್ಮ ತನ್ನ ಜೊತೆ ಬಂದುಬಿಡು ಎಂದು ಅಜ್ಜಿಗೆ ಗಂಟುಬಿದ್ದಳು. ಮಗಳ ಮನೆಗೆ ಹಬ್ಬಕ್ಕೆ ಬರಬಹುದು, ಬಾಣಂತನಕ್ಕೆ ಬರಬಹುದು, ಇರುವುದಕ್ಕೆ ಬರಬಾರದು ಎಂಬುದು ಅಜ್ಜಿಯ ಕಾಲದವರ ಕಟ್ಟಳೆ. ಅಮ್ಮ ಬಿಡಲಿಲ್ಲ. ಸಾಕಾಗಿ ಕೊನೆಗೆ ಅಜ್ಜಿ ಹೇಳಿದರು:

“ಯಾರ ಕೈನೂ ಹಿಡೀದ ಜಳಕಾ ಮಾಡಿ ದೇವರ ಮುಂದ ಹೋಗಿ ಕೂಡೂ ಹಂಗ ಇದ್ರ ಹೇಳು ಶಾರ್ದಾ, ಬರ್ತೀನಿ.”

ಬರುವುದಿಲ್ಲ ಎನ್ನುವುದಕ್ಕೆ ಅಜ್ಜಿ ಹಾಗೆ ಹೇಳಿದ್ದಿರಬೇಕು. ಅಮ್ಮ ಅದನ್ನು ಒಪ್ಪಿಗೆ ಎಂದೇ ಹಿಡಿದುಕೊಂಡಳು.

ಅಪ್ಪ ಕೆಟ್ಟವರಲ್ಲ. ಅಜ್ಜಿ ಬರುವುದಕ್ಕೆ ಅವರ ತಕರಾರು ಇರಲಿಲ್ಲ, ಕರಿ ಬಣ್ಣಕ್ಕೆ ಇತ್ತು. ಎಲ್ಲರ ಮನೆಯಲ್ಲೂ ಕೋಟಾ ಕಲ್ಲು, ಬಚ್ಚಲಿಗೆ ತಿಳಿ ಹಸಿರು, ನಮ್ಮದೊಂದೇ ಮನೆ ಹೀಗೆ ಯಾಕೆ ಎಂದು ಅವರ ವಾದ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಅಮ್ಮನನ್ನು ಛೇಡಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಮತ್ತೆ ಹುಬ್ಬಳ್ಳಿಯ ಮೊಸಾಯಿಕ್ಕನ್ನು ಬೈಯುತ್ತಿದ್ದಳು. ಅಪ್ಪ ಸಾರು ಕಲಸುತ್ತ, ಕುಣಿಯಲಾರದವರು ನೆಲ ಡೊಂಕು ಅಂದರಂತೆ ಎಂದುಬಿಟ್ಟರು. ಅಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಒಳಗೆ ಹೋದಳು. ಮುಂದೆ ಎಷ್ಟೋ ದಿನ ಮನೆಯಲ್ಲಿ ಅವರಿಬ್ಬರ ನಡುವಿನ ಮಾತೆಲ್ಲ ನನ್ನ ಮೂಲಕವೇ ನಡೆಯಿತು. ಚಹಾ ಆಗಿದೆ ಅಂತ ಹೇಳು, ಗ್ಯಾಸ್ ಬಂದಿಲ್ಲ ಅಂತ ಹೇಳು. ಪಕ್ಕದಲ್ಲೇ ಕೂತವರಿಗೆ ಸುದ್ದಿ ಮುಟ್ಟಿಸಿ ಮುಟ್ಟಿಸಿ ನನಗೆ ಸಾಕುಬೇಕಾಗಿತ್ತು. ಕೊನೆಗೆ ಒಂದು ಭಾನುವಾರ ಅಪ್ಪ ಸ್ಕೂಟರ್ ಒರೆಸುತ್ತ, ಟೈಲ್ಸ್ ಅಂಗಡಿಗೆ ಬರ್ತಾಳೇನು ಕೇಳು ಎಂದರು. ಅಮ್ಮ ಆಗಲೇ ಸೀರೆ ಉಟ್ಟು ತಯಾರಾಗಿದ್ದಳು.

ಆಗಿನ ಅಂಗಡಿಗಳಲ್ಲಿ ಟೈಲ್ಸ್ ಎಂದರೆ ಗುಲಾಬಿ ಬಣ್ಣದ ಮೇಲೆ ಗುಲಾಬಿ ಹೂವು, ನೀಲಿಯ ಮೇಲೆ ಹಂಸ. ಕರಿಯದು ಕೇಳಿದರೆ ಅಂಗಡಿಯವನು ಅಮ್ಮನನ್ನು ಅನುಮಾನದಿಂದ ನೋಡಿ, ಬೆನ್, ಅಂದರೆ ಅಕ್ಕಾ, ಅದು ಹಳೇ ಕಾಲದ ಮಾಲು, ಈಗ ಯಾರು ಹಾಕಿಸುತ್ತಾರೆ ಎನ್ನುತ್ತಿದ್ದ. ಈಗ ಅದಕ್ಕೇ ವಿಂಟೇಜ್ ಎಂದು ಹೆಸರಿಟ್ಟು ಗಾಜಿನ ಬಾಗಿಲ ಹಿಂದೆ ಇಡುತ್ತಾರೆ, ಇರಲಿ. ಒಂದೆರಡು ಕಡೆ ಒಳಗಿನಿಂದ ಹುಡುಕಿ ತಂದು ತೋರಿಸಿದರು. ಆಗ ಅಮ್ಮ ಕೈಚೀಲದಿಂದ ಅಪ್ಪನ ಹಳೆಯ ಪಂಚೆಯ ತುಂಡೊಂದನ್ನು ತೆಗೆದಳು. ಒಗೆದು ಒಗೆದು ಜಾಳಾದ ಬಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ ಕಣ್ಣಿಗೆ ಒತ್ತಿಕೊಂಡು, ನೆಲದ ಮೇಲಿಟ್ಟ ಕರಿ-ಬಿಳಿ ಟೈಲ್ಸುಗಳನ್ನು ನೋಡತೊಡಗಿದಳು. ಅಂಗಡಿಯವನು ತೂಗುತ್ತಿದ್ದ ಕಾಲು ನಿಲ್ಲಿಸಿದ. ಒಳಗಿದ್ದ ತಮ್ಮನನ್ನೂ ಕರೆದ. ಅಪ್ಪ ನಾಚಿಕೆಯಿಂದ ರಸ್ತೆಗೆ ಮುಖ ಮಾಡಿ ನಿಂತರು. ನನಗೂ ಭೂಮಿ ಬಾಯಿಬಿಡಬಾರದೇ ಅನಿಸಿತ್ತು. ಅಮ್ಮನಿಗೆ ಅದಾವುದರ ಪರಿವೆಯೇ ಇಲ್ಲ.

“ಅವ್ವನ ಕಣ್ಣಲೆ ನೋಡ್ಲಿಕ್ಕತ್ತೀನಿ,” ಎಂದಳು ನನಗೆ. “ಇದು ಬ್ಯಾಡ. ಬೆಳಕ ಬಿದ್ರ ಕರೀದೂ ಬೆಳ್ಳಗ ಹೊಳೀತದ.”

ನಾನೂ ಆ ಬಟ್ಟೆ ಹಿಡಿದು ನೋಡಿದೆ. ನಿಜ. ನುಣುಪು ಟೈಲಿನ ಮೇಲೆ ಬಾಗಿಲ ಬೆಳಕು ಬಿದ್ದು ಕರಿಯದೂ ಬಿಳಿಯದೂ ಒಂದೇ ಆಗಿತ್ತು. ಅಮ್ಮನಿಗೆ ಬೇಕಾದದ್ದು ಹೊಳಪಿಲ್ಲದ ಸಿಮೆಂಟಿನದು. ಅದು ವಡೋದರಾದಲ್ಲಿ ಸಿಗಬಹುದು, ಅಲ್ಲಿ ಹಳೆಯ ಹವೇಲಿಗಳ ದುರಸ್ತಿಗೆಂದು ಅಚ್ಚು ಹಾಕುವವರು ಇನ್ನೂ ಇದ್ದಾರೆ ಎಂದು ಯಾರೋ ಹೇಳಿದರು. ಮುಂದಿನ ರಜೆಗೆ ಬೆಳಗಿನ ಗಾಡಿ ಹಿಡಿದು ಹೋದೆವು. ಊರ ಹೊರಗಿನ ಒಂದು ಶೆಡ್ಡಿನಲ್ಲಿ ಸಿಮೆಂಟ್ ಧೂಳಿನ ನಡುವೆ ಅಮ್ಮ ಮತ್ತೆ ಪಂಚೆ ತೆಗೆದಳು. ಬಿಸಿಲಿಗೆ ಹಿಡಿದು ನೋಡಿದಳು, ನೆರಳಲ್ಲಿ ನೋಡಿದಳು, ಹೂಜಿಯ ನೀರು ಸುರಿದು ನೋಡಿದಳು. ಒದ್ದೆಯಾದರೆ ಕರಿ ಇನ್ನೂ ಕಪ್ಪಾಯಿತು. ಅಮ್ಮನ ಮುಖ ಅರಳಿದ್ದನ್ನು ಕಂಡು ಅಪ್ಪ ತಾವೂ ಆ ಬಟ್ಟೆ ಇಸಿದುಕೊಂಡು ಕಣ್ಣಿಗೆ ಹಿಡಿದರು. ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ತೆಗೆದ ಮೇಲೆ, ಪಾಪ, ಇಷ್ಟೇ ಏನು ಕಾಣೋದು ಅವರಿಗೆ ಎಂದರು. ಅಲ್ಲಿಗೆ ನಮ್ಮ ಮನೆಯ ಜಗಳ ಮುಗಿಯಿತು. ಸ್ಟೇಶನ್ನಿನಲ್ಲಿ ಮೂವರೂ ಸೇವ್-ಉಸಳ ತಿಂದೆವು. ಅಮ್ಮ ಹೊರಗಿನದನ್ನು ತಿಂದದ್ದು ನಾನು ಕಂಡದ್ದು ಅವತ್ತೇ.

ಟೈಲ್ಸ್ ಬಚ್ಚಲಿಗಷ್ಟೇ ಹಾಕಿದರೆ ಸಾಲದು. ಬಚ್ಚಲ ಬಾಗಿಲಿಂದ ಬಲಕ್ಕೆ ತಿರುಗಿ, ನಡುಮನೆ ಹಾದು, ದೇವರ ಗೂಡಿನ ತನಕ ಹೋಗಬೇಕು. ಅಲ್ಲೆಲ್ಲ ಬೂದು ಬಣ್ಣದ ಕೋಟಾ ಕಲ್ಲಿನ ನಡುವೆ ಕರಿ-ಬಿಳಿಯ ಒಂದು ಪಟ್ಟಿಯನ್ನು ಅಮ್ಮ ಎಳೆಸಿದಳು. ತಿರುಗುವ ಜಾಗ ಗೊತ್ತಾಗುವುದು ಹೇಗೆ? ಅದಕ್ಕೂ ಅವಳ ಹತ್ತಿರ ಉಪಾಯವಿತ್ತು. ಬಚ್ಚಲ ಹೊಸಿಲ ಮುಂದೆ, ಸರಿಯಾಗಿ ತಿರುವಿನಲ್ಲಿ, ಎರಡು ಕರಿ ಕಲ್ಲು ಜೋಡಿಯಾಗಿ ಇರಬೇಕು. ಕರಿಯದಾದ ಮೇಲೆ ಮತ್ತೆ ಕರಿಯದು ಸಿಕ್ಕರೆ ಅಲ್ಲಿ ತಿರುಗು ಎಂದರ್ಥ. ಗಾರೆಯವನು ಬೆನ್ ಏನೋ ತಪ್ಪು ಹೇಳಿದ್ದಾರೆಂದುಕೊಂಡು ನಾವಿಲ್ಲದಾಗ ಒಂದನ್ನು ಕಿತ್ತು ಬಿಳಿಯದು ಕೂರಿಸಿ ಸರಿಮಾಡಿಟ್ಟಿದ್ದ. ಅಮ್ಮ ಅವನೆದುರು ಕೂತು ಅದನ್ನು ಕೀಳಿಸಿ ಮತ್ತೆ ಜೋಡಿ ಕರಿ ಕಲ್ಲು ಹಾಕಿಸಿದಳು. ಗೃಹಪ್ರವೇಶಕ್ಕೆ ಬಂದವರೆಲ್ಲ ನಮ್ಮ ನೆಲ ನೋಡಿ ಮುಖ ಮುಖ ನೋಡಿಕೊಂಡರು. ಪಕ್ಕದ ಮನೆಯ ಕೋಕಿಲಾಬೆನ್ ಇದನ್ನು ಜೀಬ್ರಾ ಕ್ರಾಸಿಂಗ್ ಎಂದು ಕರೆದರು. ಆ ಹೆಸರೇ ನಿಂತಿತು. ಅಪ್ಪನೂ ಆಫೀಸಿನವರು ಬಂದರೆ, ಬರ್ರಿ, ನಮ್ಮ ಜೀಬ್ರಾ ಕ್ರಾಸಿಂಗ್ ತೋರಸ್ತೀನಿ ಎಂದು ಹೆಮ್ಮೆಯಿಂದ ಕರೆದುಕೊಂಡು ಹೋಗುತ್ತಿದ್ದರು.

ಮಳೆಗಾಲ ಕಳೆಯುತ್ತಿರುವಾಗ ಅಜ್ಜಿ ಬಂದರು. ಬಂದ ಮರುದಿನ ಬೆಳಿಗ್ಗೆ ನಾವು ಮೂವರೂ ನಡುಮನೆಯಲ್ಲಿ ಕಾದು ನಿಂತಿದ್ದೆವು. ಬಚ್ಚಲ ಬಾಗಿಲು ತೆರೆಯಿತು. ಒದ್ದೆ ಸೀರೆಯ ಅಜ್ಜಿ ತಲೆ ಬಗ್ಗಿಸಿ, ಕರೀದು, ಬಿಳೀದು, ಕರೀದು, ಬಿಳೀದು ಎಂದು ಬಾಯಲ್ಲೇ ಹೇಳಿಕೊಳ್ಳುತ್ತ ಬಂದರು. ಹೊಸಿಲು ದಾಟಿ ಜೋಡಿ ಕರಿ ಕಲ್ಲಿನ ಮೇಲೆ ನಿಂತರು. ಬಲಕ್ಕೆ ತಿರುಗಿದರು. ನಡುಮನೆ ಹಾದು ದೇವರ ಮುಂದೆ ಮಣೆಯ ಮೇಲೆ ಕೂತು, ಇನ್ನೇನು ಎಂಬಂತೆ ಗಂಟೆ ಬಾರಿಸಿದರು. ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು. ಮುಂದೆ ದಿನವೂ ಹಾಗೇ. ಮಂತ್ರದ ನಡುನಡುವೆ ಕರೀದು-ಬಿಳೀದು ಸೇರಿ ಅದೂ ಒಂದು ಸ್ತೋತ್ರದಂತೆ ಕೇಳುತ್ತಿತ್ತು. ಹುಬ್ಬಳ್ಳಿಯಲ್ಲಿ ಮೂಗಿಯಂತಿದ್ದ ಅಜ್ಜಿ ಇಲ್ಲಿ ಗುಜರಾತಿ ಬಾರದೆಯೂ ಕೋಕಿಲಾಬೆನ್ ಜೊತೆ ಹರಟುತ್ತಿದ್ದರು. ನನಗೆ ತಲೆ ಬಾಚಿ ಬಿಗಿಯಾಗಿ ಹೆರಳು ಹಾಕುತ್ತಿದ್ದರು. ನನ್ನ ಅರೆಬರೆ ಕನ್ನಡ ಕೇಳಿ, ಶಾರ್ದಾ, ಈ ಹುಡುಗಿಗೆ ಬಾಯಾಗ ಬೆಲ್ಲ ಇಟ್ಟುಕೊಂಡು ಮಾತಾಡ್ಲಿಕ್ಕ ಯಾರು ಕಲಿಸ್ಯಾರ ಎಂದು ನಗುತ್ತಿದ್ದರು.

ಒಂದೇ ತೊಡಕು ನೀರು. ಬೋರಿನ ನೀರಿನಲ್ಲಿ ಉಪ್ಪು ಬಹಳ. ಒಣಗಿದರೆ ಕರಿ ಕಲ್ಲಿನ ಮೇಲೆ ವಿಭೂತಿ ಬಳಿದಂತೆ ಬಿಳಿಯ ಪೊರೆ ಕೂರುತ್ತಿತ್ತು. ಗದಗದಲ್ಲಿ ಕಾಣದ ಕಾಟ ಇದು. ಅಮ್ಮ ದಿನಾ ಮಧ್ಯಾಹ್ನ ಹುಣಸೆಹಣ್ಣಿನ ನೀರು ಹಚ್ಚಿ, ಮಂಡಿಯೂರಿ ಕೂತು, ಕರಿ ಕಲ್ಲುಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ಬಿಳಿ ಕಲ್ಲು ಹೇಗಿದ್ದರೂ ಸರಿ, ಕರಿಯದು ಕರಿಯದಾಗಿರಬೇಕು. ಅವಳ ಬೆರಳ ತುದಿಗಳು ಬಿರುಕು ಬಿಟ್ಟವು. ಅಜ್ಜಿಗೆ ಇದು ಗೊತ್ತಾಗಬಾರದೆಂದು ಅವರು ಮಲಗಿದ ಮೇಲೆ ಸದ್ದಿಲ್ಲದೆ ಉಜ್ಜುತ್ತಿದ್ದಳು.

ದೀಪಾವಳಿ ಬಂತು. ನೀರು ತುಂಬುವ ಹಬ್ಬ ಅಜ್ಜಿಯ ಹಬ್ಬ. ಗದಗದಿಂದ ಬಂದ ತಾಮ್ರದ ಹಂಡೆಯನ್ನು ಅಮ್ಮ ಹುಣಸೆಹಣ್ಣು ಹಾಕಿ ಬೆಳಗಿದಳು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದಳು. ಹಂಡೆಯ ಕೊರಳಿಗೆ ಕಟ್ಟಲು ಹಿಂಡಲಕಾಯಿ ಬಳ್ಳಿ ಅಹಮದಾಬಾದಿನಲ್ಲಿ ಎಲ್ಲಿ ಸಿಗಬೇಕು? ಸೊಸೈಟಿಯ ಬೇಲಿಯಲ್ಲಿದ್ದ ಯಾವುದೋ ಬಳ್ಳಿಯನ್ನೇ ತಂದು ಸುತ್ತಿದಳು. ಇಲ್ಲಿನವರಿಗೆ ಮರುದಿನ ಕಾಳಿ ಚೌದಸ್. ಮನೆಯ ಜಗಳ ಹೊರಗೆ ಹೋಗಲಿ ಎಂದು ವಡೆ ಕರಿದು ನಾಲ್ಕು ರಸ್ತೆ ಕೂಡುವಲ್ಲಿ ಇಟ್ಟು ಬರುತ್ತಾರೆ. ನಿಮ್ಮ ಮನೆಯ ಪಾಲಿನದನ್ನೂ ನಾನೇ ಇಟ್ಟು ಬರುತ್ತೇನೆ, ನಿಮ್ಮ ನೆಲದ ಜಗಳದ ಕತೆ ನನಗೂ ಗೊತ್ತು ಎಂದು ಕೋಕಿಲಾಬೆನ್ ಹಾಸ್ಯ ಮಾಡಿ ಹೋದರು. ಅಮ್ಮ ಅಷ್ಟು ಖುಷಿಯಾಗಿದ್ದುದನ್ನು ನಾನು ನೋಡಿರಲಿಲ್ಲ. ತಾಯಿ ಮನೆಯಲ್ಲಿದ್ದಾಳೆ, ಹಬ್ಬ ಬಂದಿದೆ. ಬಚ್ಚಲ ಹೊಸಿಲ ಮುಂದೆ ರಂಗೋಲಿ ಹಾಕದೆ ಆ ಹಬ್ಬ ಆಗುವುದಿಲ್ಲ. ಬೂದು ಕಲ್ಲಿನ ಮೇಲೆ ರಂಗೋಲಿ ಏಳುವುದಿಲ್ಲ, ಬಿಳಿಯದರ ಮೇಲಂತೂ ಕಾಣುವುದೇ ಇಲ್ಲ. ಹುಣಸೆಹುಳಿಯಲ್ಲಿ ಉಜ್ಜಿಸಿಕೊಂಡು ಕಾಡಿಗೆಯಂತೆ ಕಪ್ಪಾಗಿ ಅಗಲವಾಗಿ ಕಾದಿದ್ದ ಜಾಗ ಒಂದೇ, ಆ ಜೋಡಿ ಕರಿ ಕಲ್ಲು. ಅಮ್ಮ ಅಲ್ಲಿ ಎಳೆ ತುಂಬಿ ತುಂಬಿ ದೊಡ್ಡದೊಂದು ಪದ್ಮ ಬರೆದಳು. ಎಷ್ಟು ಛಂದ ಅಂತ ನಾನು ಹೇಳಿದೆ, ಅಪ್ಪ ಹೇಳಿದರು. ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಸುಕಿನಲ್ಲಿ ಅಮ್ಮ ಎಲ್ಲರಿಗೂ ಎಣ್ಣೆ ಒತ್ತಿದಳು. ಮೊದಲ ನೀರು ಅಜ್ಜಿಯದು. ಮಿಂದು ಬಾಗಿಲು ತೆರೆದಾಗ ಹಿಂದಿನಿಂದ ಹಬೆ ಬಂತು. ಕರೀದು, ಬಿಳೀದು, ಕರೀದು. ಹೊಸಿಲು ದಾಟಲು ಎತ್ತಿದ ಕಾಲನ್ನು ಅಜ್ಜಿ ಹಿಂದಕ್ಕೆ ತೆಗೆದುಕೊಂಡರು. ಮತ್ತೆ ಎತ್ತಿದರು, ಮತ್ತೆ ಹಿಂದಕ್ಕಿಟ್ಟರು. ತಲೆಯನ್ನು ಆಚೆ ಈಚೆ ಆಡಿಸಿ ನೋಡಿದರು. 

“ಶಾರ್ದಾ, ಕರೀದು ಎಲ್ಲಿ ಹೋತು? ಇದ್ದಷ್ಟೂ ಕಣ್ಣು ಹೋತೇನು ನಂದು?”

ಅಮ್ಮ ಕೈಯಲ್ಲಿ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದಳು. ಅವಳಿಗೆ ಆಗ ತಿಳಿಯಿತು. ಕಣ್ಣು ಹೋಗಿಲ್ಲ ಅವ್ವಾ, ಅದು ರಂಗೋಲಿ, ನಾನೇ ಹಾಕೀನಿ, ಅದರ ಮೇಲೇ ಕಾಲಿಟ್ಟು ಬಾ ಎಂದು ಗಾಬರಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. ಹಬ್ಬದ ರಂಗೋಲಿ ತುಳಿಯುವುದೆಂದರೇನು? ಅಜ್ಜಿ ತುಳಿಯಲಿಲ್ಲ. ದಾಟೋಣವೆಂದರೆ ಆಚೆಯ ಕಲ್ಲು ಕಾಣುವುದಿಲ್ಲ. ಅಮ್ಮ ಬಗ್ಗಿ ಅಳಿಸಲು ಹೋದಳು, ಹಬ್ಬದ ದಿನ ಅಳಸಬ್ಯಾಡ ಎಂದು ಅಜ್ಜಿ ತಡೆದರು. ನಾವೆಲ್ಲ ಎಣ್ಣೆ ಮೈಯವರು, ಮುಟ್ಟುವಂತಿಲ್ಲ. ಅಜ್ಜಿ ಹೊಸಿಲ ಒಳಗೆ, ನಾವು ಹೊರಗೆ, ನಡುವೆ ಆ ಪದ್ಮ.  ಕೊನೆಗೆ ಅಜ್ಜಿ ತಾವಾಗಿ ಕೈ ಮುಂದೆ ಚಾಚಿದರು.

“ಬಾ. ಹಿಡ್ಕೋ.”

ಅಮ್ಮ ಎಣ್ಣೆ ಕೈಯಲ್ಲೇ ಹಿಡಿದಳು. ಬದಿಯ ಬೂದು ಕಲ್ಲಿನ ಮೇಲೆ ಸುತ್ತು ಹಾಕಿಸಿ ದೇವರ ಮುಂದೆ ಕೂರಿಸಿದಳು. ಅಜ್ಜಿ ಹುಬ್ಬಳ್ಳಿಯಲ್ಲಿ ಮಾಡಿದಂತೆ ಮತ್ತೆ ಮೀಯಲು ಹೋಗಲಿಲ್ಲ. ಹಾಗೇ ಕೂತು ಪೂಜೆ ಮುಗಿಸಿದರು. ಗಂಟೆ ಬಾರಿಸಲಿಲ್ಲ. ಅಮ್ಮ ಅವತ್ತು ಹೋಳಿಗೆ ಮಾಡಿದ್ದಳು. ಎಲ್ಲರೂ ತಿಂದರು, ಅಮ್ಮ ಬಡಿಸಿದಳು ಅಷ್ಟೇ.

ಹಬ್ಬ ಮುಗಿದ ಮೇಲೆ ರಂಗೋಲಿ ತೊಳೆದು, ಕರಿ ಕಲ್ಲುಗಳನ್ನು ಮತ್ತೆ ಉಜ್ಜಿ, ಈಗ ಮೊದಲಿನಂತೆಯೇ ಇದೆ ಅವ್ವಾ, ನೋಡು ಎಂದು ಅಮ್ಮ ಬೇಡಿಕೊಂಡಳು. ಅಜ್ಜಿ ಹ್ಞೂಂ ಎಂದರು. ಆದರೆ ಅವರಿಗೆ ಆ ನೆಲದ ಮೇಲಿನ ನಂಬಿಕೆ ಹೋಗಿತ್ತು. ಕರಿಯದು ಕಂಡರೂ ಅದು ಕರಿಯದೇ ಹೌದೋ ಅಲ್ಲವೋ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡುವರು, ನಿಲ್ಲುವರು, ಕೈ ಚಾಚುವರು. ಬಾಯಲ್ಲಿನ ಕರೀದು-ಬಿಳೀದು ನಿಂತುಹೋಯಿತು. ಅಮ್ಮ ದಿನಾ ಅವರಿಗಿಂತ ಮೊದಲೇ ಎದ್ದು, ತಣ್ಣೀರು ಮಿಂದು, ತಾನೂ ಮಡಿಯುಟ್ಟು ಬಾಗಿಲಲ್ಲಿ ಕಾದು ನಿಲ್ಲತೊಡಗಿದಳು. ಆ ಚಳಿಗಾಲವೆಲ್ಲ ಅವಳಿಗೆ ಕೆಮ್ಮು. ಮಡಿಯುಟ್ಟವಳು ಹಿಡಿದರೆ ಮಡಿ ಕೆಡುವುದಿಲ್ಲವಲ್ಲ ಎಂದು ನಾನು ಅಂದುಕೊಂಡಿದ್ದೆ. ಅಜ್ಜಿಯ ಲೆಕ್ಕ ಬೇರೆಯಿತ್ತು. ಉತ್ತರಾಯಣದ ಗಾಳಿಪಟದ ಹಬ್ಬದ ಹೊತ್ತಿಗೆ ಅವರೇ ಹೇಳಿಕಳಿಸಿ ಗುರುಮಾಮನನ್ನು ಕರೆಸಿಕೊಂಡರು. ಸೊಸೈಟಿಯ ಮಾಳಿಗೆಗಳ ಮೇಲೆಲ್ಲ ಮಂದಿ, ಗಾಳಿಪಟ, ಕೂಗಾಟ. ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜಿಯ ಟ್ರಂಕು. ಅಮ್ಮ ಅವರ ಕಾಲ ಹತ್ತಿರ ಕೂತಿದ್ದಳು, ಏನೂ ಕೇಳಲಿಲ್ಲ. ಅಜ್ಜಿಯೇ ಅವಳ ತಲೆ ಸವರುತ್ತ ಹೇಳಿದರು:

“ಒಬ್ಬರ ಕೈ ಹಿಡಕೊಂಡ ಬದುಕೂದು ಬಂತಂದ್ರ ಮಗನ ಮನ್ಯಾಗ ಇರಬೇಕವಾ. ಮಗಳ ಮನ್ಯಾಗ ಅಲ್ಲ. ನಿನ್ನ ತಪ್ಪಿಲ್ಲ.”

ನಿನ್ನ ತಪ್ಪಿಲ್ಲ ಎಂದದ್ದು ಅಮ್ಮನಿಗೆ ಕೇಳಿಸಲೇ ಇಲ್ಲ ಎಂದು ನನಗೆ ಅನಿಸುತ್ತದೆ. ಹುಬ್ಬಳ್ಳಿಗೆ ಹೋದ ಅಜ್ಜಿ ಮತ್ತೆ ನಮ್ಮಲ್ಲಿಗೆ ಬರಲಿಲ್ಲ; ಎರಡು ಮಳೆಗಾಲ ಕಳೆದು ಅಲ್ಲೇ ತೀರಿಕೊಂಡರು. ಅಮ್ಮ ಮಾತ್ರ ಹುಣಸೆಹಣ್ಣು ನೆನೆಹಾಕುವುದನ್ನು ಬಿಡಲಿಲ್ಲ. ನಾನು ಕಾಲೇಜಿಗೆ ಹೋಗುವಾಗಲೂ, ಮದುವೆಯಾಗಿ ಹೋದ ಮೇಲೆ ಬಂದಾಗಲೂ, ಮಧ್ಯಾಹ್ನ ಅವಳು ಮಂಡಿಯೂರಿ ಆ ಕರಿ ಕಲ್ಲು ಉಜ್ಜುತ್ತಿದ್ದಳು. ಯಾರಿಗಾಗಿ ಎಂದು ಕೇಳುವ ಧೈರ್ಯ ಅಪ್ಪನಿಗೂ ಇರಲಿಲ್ಲ. ಬಚ್ಚಲ ಮುಂದೆ ಮತ್ತೆಂದೂ ರಂಗೋಲಿ ಹಾಕಲಿಲ್ಲ.

ಈಗ ಅಪ್ಪ ಇಲ್ಲ. ಅಜ್ಜಿಯ ಕಣ್ಣಿನ ಬೇನೆಯೇ ಅಮ್ಮನಿಗೂ ಬಂದಿದೆ. ಮೊನ್ನೆ ಅವಳನ್ನು ನನ್ನ ಫ್ಲ್ಯಾಟಿಗೆ ಕರೆತರುವ ಮೊದಲು ಬಚ್ಚಲು ಹೊಸದು ಮಾಡಿಸೋಣವೆಂದು ಟೈಲ್ಸ್ ಅಂಗಡಿಗೆ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಅಲ್ಲಿ ನೆಲಕ್ಕೇ ಹಾಸಿಟ್ಟಿದ್ದರು, ಕರಿ-ಬಿಳಿ, ಹೊಳಪಿಲ್ಲದ್ದು, ವಡೋದರಾದಲ್ಲಿ ಸಿಕ್ಕಂಥದ್ದೇ. ಅಮ್ಮನನ್ನು ಅದರ ಮೇಲೆ ನಿಲ್ಲಿಸಿ, ಕಾಣ್ತದೇನಮ್ಮ, ಇದನ್ನೇ ಹಾಕಿಸಲೇ ಎಂದೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. ಕಾಣುತ್ತದೆ ಎಂದಳು. ಆಮೇಲೆ ನನ್ನ ತೋಳಿಗಾಗಿ ತಡಕಾಡಿ ಹಿಡಿದುಕೊಂಡಳು.

“ಬ್ಯಾಡ. ಯಾವುದರೆ ಒಂದ ಬಣ್ಣದ್ದು ಹಾಕಿಸಿಬಿಡು. ನಾ ನಿನ್ನ ಕೈ ಹಿಡ್ಕೊಂಡ ಇರ್ತೀನಿ. ನನ್ನ ಕೈ ಹಿಡ್ಕೊಂಡ ಇರು ಅಂತ ಅವ್ವಗ ಅವತ್ತ ನಾ ಒಂದ ಮಾತು ಹೇಳಬೇಕಿತ್ತು, ವೀಣಿ. ಹೇಳಲಿಲ್ಲ. ಕಲ್ಲು ಉಜ್ಜಿಕೋತ ಕೂತೆ.”